ಕಂಡಕ್ಟರ್ ಸೀಟು

ಮನುಷ್ಯರನ್ನೆಲ್ಲ ಏಕವಚನದಲ್ಲಿ ಕರೆದು, ಕಂಪ್ಯೂಟರಿಗೆ ಮಾತ್ರ 'ರೀ' ಹಚ್ಚಿ ಮಾತಾಡುವ ಹೆಂಗಸನ್ನು ನನ್ನ ಇಡೀ ಸರ್ವಿಸಿನಲ್ಲಿ ನಾನು ನೋಡಿದ್ದು ಒಬ್ಬರನ್ನೇ. ನನಗೆ 'ಲೇ ತಮ್ಮಾ'. ಕ್ಯಾಂಟೀನಿನವರಿಗೆ 'ಏ ಯವ್ವಾ'. ಆದರೆ ಸರ್ವರ್ ಕೈಕೊಟ್ಟಿತು ಎನ್ನಿ, ಅದರ ಪರದೆಯ ಮುಂದೆ ಕುರ್ಚಿ ಎಳೆದುಕೊಂಡು, ಸೆರಗು ಸರಿಮಾಡಿಕೊಂಡು, ಬೀಗರ ಮನೆಯಲ್ಲಿ ಕೂತವರ ಹಾಗೆ ಮೆತ್ತಗೆ ಶುರು ಮಾಡುತ್ತಿದ್ದರು. "ಏನ್ರೀ, ಯಾಕ್ರೀ ಸಿಟ್ಟು? ಮುಂಜಾನೆಯಿಂದ ಮಾತಿಲ್ಲ, ಕತಿಯಿಲ್ಲ. ಏನಾಗೇತಿ ಹೇಳ್ರಿ ಮತ್ತ." ಹೀಗೆ ಕೇಳಿಕೇಳಿಯೇ ಅದರ ಬಾಯಿ ಬಿಡಿಸುತ್ತಿದ್ದರು. ನಾವು ಹಿಂದೆ ನಿಂತು ನಗುತ್ತಿದ್ದೆವು.

ಅವರು ಕಳೆದ ತಿಂಗಳು ಕೊಚ್ಚಿಯಲ್ಲಿ ತೀರಿಕೊಂಡರು. ಇಲ್ಲಿ ತಿರುವನಂತಪುರದ ಕನ್ನಡ ಸಂಘದವರು ಬಂದು, "ನಿಮಗೆ ಹತ್ತಿರದವರಲ್ವಾ, ನಾಲ್ಕು ಮಾತು ಬರೆದುಕೊಡಿ" ಎಂದರು. ನಾಲ್ಕು ಮಾತಿಗೆ ಮುಗಿಯುವ ಹೆಂಗಸೇ ಅದು! ಹೆಸರು ಬರೆಯುವುದಿಲ್ಲ. ಬೀಳ್ಕೊಡುಗೆಯ ದಿನ ಫಲಕದಲ್ಲಿ ಹೆಸರು ಕೆತ್ತಿಸಿ ಕೊಟ್ಟಿದ್ದಕ್ಕೇ "ಇದೇನು ಗೋರಿ ಕಲ್ಲೇನ್ರಲೇ?" ಎಂದು ಬೈದವರು ಅವರು. ಗದಗಿನ ಕಡೆಯವರು. ಎಲ್ಲರಿಗೂ ಅಕ್ಕ. ಕನ್ನಡ ಬಾರದ ಮಲಯಾಳಿಗಳು ಅದನ್ನು ಹೆಸರೆಂದೇ ತಿಳಿದು 'ಅಕ್ಕ ಮೇಡಂ' ಎನ್ನುತ್ತಿದ್ದರು.

ನಾನು ಕಾಸರಗೋಡಿನವ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ. ತಿರುವನಂತಪುರದ ನಮ್ಮ ಕಚೇರಿಗೆ ನಾನು ಸೇರಿದ ದಿನವೇ ಅಕ್ಕ ನನ್ನನ್ನು ಕೈಹಿಡಿದು ತಮ್ಮ ಮೇಜಿನ ಪಕ್ಕಕ್ಕೆ ಕೂರಿಸಿಕೊಂಡರು. "ಇಂವ ಎರಡೂ ಭಾಷಾ ಬಲ್ಲ. ಇನ್ಮ್ಯಾಲೆ ನನ್ನ ಬಾಯಿ ಇಂವ" ಎಂದು ಘೋಷಣೆಯಾಯಿತು. ಅಷ್ಟು ವರ್ಷ ಕೇರಳದಲ್ಲಿದ್ದೂ ಅವರ ಮಲಯಾಳ ಹೇಗಿತ್ತೆಂದರೆ, ಆಟೋದವನಿಗೆ ದಾರಿ ಹೇಳಿದರೆ ಆಟೋದವ ಇಳಿದು ನನ್ನನ್ನು ಕೇಳುತ್ತಿದ್ದ. ಮಗಳು ಅಲ್ಲೇ ಹುಟ್ಟಿ ಬೆಳೆದವಳು. ಅಮ್ಮ ಕನ್ನಡದಲ್ಲಿ ಬೈದರೆ ಮಲಯಾಳದಲ್ಲಿ ಉತ್ತರ ಕೊಡುವಳು. ಅಕ್ಕನ ಗಂಡ ಬೇಗ ತೀರಿಕೊಂಡಿದ್ದರು. ಜೋಳದ ಹಿಟ್ಟು ಊರಿನಿಂದ ರೈಲಿನಲ್ಲಿ ಬರುತ್ತಿತ್ತು, ಅದು ಮುಗಿದ ವಾರ ಅಕ್ಕನ ಹತ್ತಿರ ಯಾರೂ ಸುಳಿಯುತ್ತಿರಲಿಲ್ಲ.

ನಮ್ಮ ಕಚೇರಿಯ ಕೆಲಸವನ್ನು ಹೇಳದೆ ಅಕ್ಕನ ಕಥೆ ಹೇಳಲಾಗುವುದಿಲ್ಲ. ಸಮುದ್ರಕ್ಕೆ ಹೋಗುವ ಮೀನುಗಾರರ ದೋಣಿಗಳಲ್ಲಿ ಒಂದು ಪುಟ್ಟ ಪೆಟ್ಟಿಗೆ ಇರುತ್ತದೆ. ಅದು ಆಗಾಗ 'ನಾನು ಇಲ್ಲಿದ್ದೇನೆ' ಎಂದು ಸುದ್ದಿ ಕಳಿಸುತ್ತದೆ. ಆ ಸುದ್ದಿಗಳೆಲ್ಲ ಕೊಚ್ಚಿಯ ವಿಲ್ಲಿಂಗ್ಡನ್ ಐಲ್ಯಾಂಡಿನಲ್ಲಿಟ್ಟ ನಮ್ಮ ಡೇಟಾಬೇಸ್ ಸರ್ವರಿಗೆ ಬಂದು ಸೇರಬೇಕು. ಕರಾವಳಿಯುದ್ದದ ನಿಗಾ ಕೇಂದ್ರಗಳು ಅದನ್ನು ತೆರೆದು ಯಾವ ದೋಣಿ ಎಲ್ಲಿದೆ ಎಂದು ನೋಡುತ್ತವೆ. ಆ ಸರ್ವರಿನ ಯೋಗಕ್ಷೇಮ ಅಕ್ಕನದು, ತಿರುವನಂತಪುರದಲ್ಲಿ ಕೂತೇ ನೋಡಿಕೊಳ್ಳುತ್ತಿದ್ದರು.

ಮೊದಲ ವಾರ ನನಗೆ ಪಾಠ ಆಯಿತು. "ಬಸ್ಸಿನ್ಯಾಗ ಸೀಟು ಎಷ್ಟಂತ ಲೆಕ್ಕ ಇರ್ತೈತಿಲ್ಲೋ? ಇವರ ಮನಿಯಾಗೂ ಹಂಗ. ಕನೆಕ್ಷನ್ ಅಂದ್ರ ಸೀಟು. ತುಂಬಿದ್ವು ಅಂದ್ರ ಹೊಸಬರು ಬಾಗಲದಾಗ ನಿಂತು ಹೊಯ್ಕೋಬೇಕು, ಅಷ್ಟ."

"ಕೂತವರು ಇಳಿದರೆ ಆಯ್ತಲ್ವಾ ಅಕ್ಕಾ?"

"ಇಳಿಯೂದಿಲ್ಲಲೇ! ಅದ ರೋಗ. ನಮ್ಮ ಊರಾಗ ಕಿಟಕ್ಯಾಗಿಂದ ಟವೆಲ್ ಒಗದು ಸೀಟು ಹಿಡೀತಾರ ನೋಡು, ಹಂಗ ಇವರೂ. ಕುಂಡ್ರೂದಿಲ್ಲ, ಬಿಡೂದಿಲ್ಲ."

ನಿಜವೇ. ನಿಗಾ ಕೇಂದ್ರದವರು ಬೆಳಿಗ್ಗೆ ಬಂದೊಡನೆ ಪರದೆಯಲ್ಲಿ ಒಂದು ಕಿಟಕಿ ತೆರೆದಿಟ್ಟು ಚಹಾಕ್ಕೆ ಹೋಗುತ್ತಿದ್ದರು. ಸಂಜೆಯವರೆಗೆ ಅದನ್ನು ಮುಚ್ಚುತ್ತಿರಲಿಲ್ಲ, ಮುಚ್ಚಿದರೆ ಮತ್ತೆ ಸಿಗದಿದ್ದರೆ ಎಂಬ ಭಯ. ಎಲ್ಲರಿಗೂ ಅದೇ ಭಯವಾದ್ದರಿಂದ ನಿಜವಾಗಿಯೂ ಸಿಗುತ್ತಿರಲಿಲ್ಲ. ಅಕ್ಕ ದಿನಕ್ಕೊಮ್ಮೆ ಒಳಗೆ ಹೋಗಿ ಸುಮ್ಮನೆ ಹಿಡಿದಿಟ್ಟ ಸೀಟುಗಳನ್ನು ಖಾಲಿ ಮಾಡಿಸುತ್ತಿದ್ದರು. ಬಸ್ಸು ಎಷ್ಟೇ ತುಂಬಿರಲಿ, ಅವರು ಒಳಗೆ ಹೋಗಲು ಒಂದು ಸೀಟು ಬೇರೆಯೇ ಇರುತ್ತಿತ್ತು. "ಅದು ಕಂಡಕ್ಟರ್ ಸೀಟು. ಅದರಾಗ ಯಾರೂ ಕುಂಡ್ರಂಗಿಲ್ಲ. ಕಂಡಕ್ಟರಗ ಜಾಗ ಇಲ್ಲಂದ್ರ ಟವೆಲ್ ತೆಗಿಯಾವರು ಯಾರು?"

ಅಕ್ಕನ ಗೆಳತಿ ಎಂದರೆ ನಮ್ಮ ಕ್ಯಾಂಟೀನಿನ ಫಿಲೋಮಿನಾ ಚೇಚಿ. ಮಲಯಾಳದಲ್ಲಿ ಚೇಚಿ ಎಂದರೂ ಅಕ್ಕನೇ. ತುಂಬ ಎಂಬ ಊರಿನ ಕಡಲ ಕೇರಿಯವರು, ಗಂಡ ದೋಣಿಯ ಮೇಲೆ ಹೋಗುವವರು. ಅಕ್ಕ ಅವರನ್ನು 'ಫಿಲೋಮಿನವ್ವಾ' ಎಂದು ಗದಗಿನ ಹೆಂಗಸು ಮಾಡಿಬಿಟ್ಟಿದ್ದರು. ಇವರಿಗೆ ಮಲಯಾಳ ಬಾರದು, ಅವರಿಗೆ ಕನ್ನಡ ಬಾರದು. ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಇಬ್ಬರೂ ಮೆಟ್ಟಿಲ ಮೇಲೆ ಕೂತು ಗಂಟೆಗಟ್ಟಲೆ ಮಾತಾಡುವರು. ಏನು ಮಾತಾಡಿದಿರಿ ಎಂದು ಕೇಳಿದರೆ ಇಬ್ಬರ ವರದಿಯೂ ಬೇರೆ ಬೇರೆ ಇರುತ್ತಿತ್ತು. ಅಕ್ಕನ ಶೇಂಗಾ ಚಟ್ನಿಪುಡಿಯನ್ನು ಚೇಚಿ ಬೇಯಿಸಿದ ಮರಗೆಣಸಿಗೆ ಹಚ್ಚಿ ತಿನ್ನುವರು. ಚೇಚಿಯ ಕೈಯಲ್ಲಿ ಅಕ್ಕ ತಿನ್ನುತ್ತಿದ್ದದ್ದು ಬಾಳೆಹಣ್ಣಿನ ಬಜ್ಜಿ ಒಂದೇ, ಅದೂ "ಮೀನು ಕರದ ಎಣ್ಣಿ ಅಲ್ಲ ಹೌದಿಲ್ಲೋ?" ಎಂದು ನನ್ನ ಮೂಲಕ ಪ್ರತಿ ಸಲ ಕೇಳಿ. ಚೇಚಿ ಪ್ರತಿ ಸಲ ಶಿಲುಬೆ ಮುಟ್ಟಿ ಆಣೆ ಇಡುವರು.

ಇನ್ನು ಟಿವಿ. ಅದರ ಹೆಸರೆತ್ತಿದರೆ ನನಗೆ ಈಗಲೂ ಮೈ ಉರಿಯುತ್ತದೆ. ನಮ್ಮ ಮುಖ್ಯಸ್ಥರ ಕೋಣೆಯ ಗೋಡೆಗೆ ಒಂದು ದೊಡ್ಡ ಟಿವಿ ಹಾಕಿಸಿದ್ದರು. ಅದರಲ್ಲಿ ಕಡಲಿನ ನಕ್ಷೆ, ನಕ್ಷೆಯಲ್ಲಿ ಪ್ರತಿ ದೋಣಿಗೂ ಒಂದು ಹಸಿರು ಚುಕ್ಕೆ. ಬಂದವರೆಲ್ಲ ಅದರ ಮುಂದೆ ಫೋಟೋ ತೆಗೆಸಿಕೊಳ್ಳುವರು. ಒಂದು ಸಲ ದೆಹಲಿಯ ಸಾಹೇಬರು ಬಂದಾಗ ಸರಿಯಾಗಿ ಆಗಲೇ ಸೀಟು ಸಿಗದೆ ನಕ್ಷೆ ಖಾಲಿಯಾಗಿ ನಿಂತಿತು. ಮುಖ್ಯಸ್ಥರಿಗೆ ಮುಖ ಎತ್ತಲಾಗಲಿಲ್ಲ. ಮರುದಿನ ಆಜ್ಞೆಯಾಯಿತು. ಟಿವಿ ಯಾವತ್ತೂ ಖಾಲಿ ನಿಲ್ಲಬಾರದು, ಅದಕ್ಕೆ ಕಂಡಕ್ಟರ್ ಸೀಟನ್ನೇ ಕೊಡಿ.

ಅಕ್ಕ ಜಗಳಾಡಿದರು. "ಸರ್, ಅದು ಆಪತ್ತಿಗೆ ಇಟ್ಟದ್ದು" ಎಂದರು. ಕೇಳಲಿಲ್ಲ. ಹಾಗಾದರೆ ಈ ಸುದ್ದಿ ಎಷ್ಟು ಹೊತ್ತಿಗೆ ಬಂದದ್ದು ಎಂದು ನಕ್ಷೆಯ ಮೂಲೆಯಲ್ಲಾದರೂ ಕಾಣಿಸಲಿ ಎಂದರು. ನೋಡಲು ಚಂದ ಇಲ್ಲವೆಂದು ಅದೂ ಬೇಡವಾಯಿತು. ವಾರಗಟ್ಟಲೆ ಗುದ್ದಾಡಿ ಕೊನೆಗೊಂದು ದಿನ ಸುಸ್ತಾಗಿ, "ಆತು ಬಿಡ್ರಿ" ಎಂದು ತಾವೇ ಕೂತು ಮಾಡಿಕೊಟ್ಟರು. ಅವತ್ತು ಊಟದ ಡಬ್ಬಿ ತೆರೆಯಲಿಲ್ಲ.

ಆಮೇಲೆ ಆ ಚಂಡಮಾರುತ ಬಂತು.

ಮುನ್ಸೂಚನೆ ತಡವಾಗಿ ಬಂದಿತ್ತು. ದೋಣಿಗಳು ಆಗಲೇ ಕಡಲಲ್ಲಿದ್ದವು. ಹಗಲು ಹೊತ್ತಿನಲ್ಲೇ ದೀಪ ಹಾಕಬೇಕಾದಷ್ಟು ಕತ್ತಲೆ, ಕಿಟಕಿಯ ಗಾಜುಗಳು ಕಟಕಟ ಎನ್ನುತ್ತಿದ್ದವು. ಫಿಲೋಮಿನಾ ಚೇಚಿ ಕ್ಯಾಂಟೀನಿನ ಒಲೆ ಆರಿಸಿ ಬಂದು ಅಕ್ಕನ ಮೇಜಿನ ಮುಂದೆ ನಿಂತರು. ಗಂಡನ ದೋಣಿಯೂ ಹೋಗಿತ್ತು. ನಾನು ದೋಣಿಯ ಹೆಸರು ಕೇಳಿ ನೋಡಲು ಹೊರಟೆ, ಒಳಗೆ ಹೋಗಲಾಗಲಿಲ್ಲ. ಮತ್ತೆ ನೋಡಿದೆ. 'ಹೊಸ ಕನೆಕ್ಷನ್ ಸಾಧ್ಯವಿಲ್ಲ' ಎಂಬ ಒಂದೇ ಉತ್ತರ.

"ಅಕ್ಕಾ, ಸೀಟಿಲ್ಲ."

"ಸರಿ, ಸರಿ, ನಾ ಹೋಗ್ತೇನಿ" ಎಂದು ಅಕ್ಕ ಕೂತರು. ಅವರಿಗೂ ಅದೇ ಉತ್ತರ ಬಂತು. "ಏನ್ರೀ ಇದು? ನನಗೂ ಇಲ್ಲೇನ್ರೀ?" ಎಂದರು.

ಎಲ್ಲ ಕೇಂದ್ರದವರೂ ಗಾಬರಿಯಲ್ಲಿ ಒಂದರ ಜೊತೆ ಇನ್ನೊಂದು, ಮತ್ತೊಂದು ಕಿಟಕಿ ತೆರೆದಿಟ್ಟಿದ್ದರು. ಬಸ್ಸು ಭರ್ತಿ. ಹೊಸಬರಿಗೆ ಜಾಗವಿಲ್ಲ. ಆ ಹೊಸಬರು ಯಾರು? ದೋಣಿಗಳಿಂದ ಬರುತ್ತಿದ್ದ ಸುದ್ದಿ! ಅದು ಪ್ರತಿ ಸಲ ಬಂದು, ಸೀಟು ಹಿಡಿದು, ಸುದ್ದಿ ಇಳಿಸಿ ಹೋಗುವ ಬಡಪಾಯಿ. ಅದೀಗ ಬಾಗಿಲಲ್ಲಿ ಸಾಲಾಗಿ ನಿಂತಿತ್ತು. ಒಳಗೆ ಕೂತವರೆಲ್ಲ ಬೆಳಗಿನ ಹಳೆಯ ಸುದ್ದಿಯನ್ನೇ ನೋಡುತ್ತ, ಹೊಸ ಸುದ್ದಿಗೆ ದಾರಿ ಬಿಡದೆ ಕೂತಿದ್ದರು.

ಕೊಚ್ಚಿಯಿಂದ ಮೆಷಿನ್ ಕೋಣೆಯವನ ಫೋನು ಬಂತು. ಅವನ ಕೈಯಲ್ಲಿದ್ದದ್ದು ಒಂದೇ ಬಟನ್. "ಆಫ್ ಮಾಡಿ ಆನ್ ಮಾಡಲಾ ಮೇಡಂ?"

"ಮುಟ್ಟಬ್ಯಾಡೋ! ಕೈ ಕತ್ತರಸ್ತೇನಿ!" ಅಕ್ಕ ಕನ್ನಡದಲ್ಲೇ ಕಿರುಚಿದರು. ಬಾಗಿಲಲ್ಲಿ ನಿಂತ ಸುದ್ದಿಗಳು ಆ ಮೆಷಿನ್ನಿನ ನೆನಪಿನಲ್ಲಷ್ಟೇ ಇದ್ದವು. ಆರಿಸಿದರೆ ಅಷ್ಟೂ ಚೆಲ್ಲಿಹೋಗುತ್ತಿತ್ತು. ಮುಳುಗಿದ ದೋಣಿ ಎರಡನೇ ಸಲ ಸುದ್ದಿ ಕಳಿಸುವುದಿಲ್ಲವಲ್ಲ.

ಆಮೇಲೆ ಫೋನು ಹಿಡಿದು ನಾವಿಬ್ಬರೂ ಭಿಕ್ಷೆಗೆ ಕೂತೆವು. ಒಂದೊಂದೇ ಕೇಂದ್ರಕ್ಕೆ. ನಿಮ್ಮ ಕಿಟಕಿ ಮುಚ್ಚಿ, ಒಂದನ್ನು ಇಟ್ಟುಕೊಂಡು ಉಳಿದದ್ದನ್ನಾದರೂ ಮುಚ್ಚಿ, ಕಾಲಿಗೆ ಬೀಳುತ್ತೇವೆ. "ಪಟ್ಟತ್ತಿಲ್ಲ" ಎಂದರು, ಆಗುವುದಿಲ್ಲ. "ನಮ್ಮ ಊರಿನವರೆಲ್ಲ ಬಾಗಿಲಲ್ಲಿ ನಿಂತಿದ್ದಾರೆ ಸಾರೇ, ಮುಚ್ಚಿದರೆ ಹೊಡೀತಾರೆ" ಎಂದರು. "ಮೊದಲು ಪಕ್ಕದ ಕೇಂದ್ರದವರು ಮುಚ್ಚಲಿ" ಎಂದರು. ಎಲ್ಲೋ ಒಬ್ಬ ಪುಣ್ಯಾತ್ಮ ಮುಚ್ಚಿದ. ಆ ಸೀಟನ್ನು ಕಣ್ಣು ಮುಚ್ಚಿ ತೆರೆಯುವುದರೊಳಗೆ ಇನ್ನೊಬ್ಬ ಹಿಡಿದ. ಅಕ್ಕ ತಮ್ಮ ಮಲಯಾಳದಲ್ಲಿ ಬೇಡಿದರು, ಬೈದರು, ಕೊನೆಗೆ ಫೋನಿನಲ್ಲೇ ಅತ್ತರು. ಯಾರನ್ನು ದೂರುವುದು ಮಾರಾಯ್ರೇ? ಎಲ್ಲರ ಮನೆಯವರೂ ಕಡಲಲ್ಲೇ ಇದ್ದರು.

ಒಮ್ಮೆಲೇ ಅಕ್ಕ ಫೋನು ಕೆಳಗಿಟ್ಟರು. "ಕಂಡಕ್ಟರ್ ಸೀಟಿನ್ಯಾಗ ಯಾರು ಕುಂತಾರ?" ಎಂದು ಕೇಳಿದರು. ಕೇಳಿದವರೇ ಎದ್ದು ಓಡಿದರು.

ಮುಖ್ಯಸ್ಥರ ಕೋಣೆ ಕಿಕ್ಕಿರಿದಿತ್ತು. ಅಧಿಕಾರಿಗಳು, ಕಡಲ ಕೇರಿಯ ಮುಖಂಡರು, ಕ್ಯಾಮೆರಾದವರು. ಎಲ್ಲರ ಮುಂದೆ ಟಿವಿ ಝಗಝಗ ಬೆಳಗುತ್ತಿತ್ತು. ನಮ್ಮ ಮೇಜಿನ ಬಳಿಯಿಂದ ಚೇಚಿ ಯಾವಾಗ ಅಲ್ಲಿಗೆ ಹೋಗಿದ್ದರೋ, ಜಪಸರ ಹಿಡಿದು ಅದರ ಮುಂದೆಯೇ ನಿಂತಿದ್ದರು. ಅವರ ಗಂಡನ ದೋಣಿಯ ಚುಕ್ಕೆ ಬಂದರಿನ ಬಾಯಿಗೆ ಹತ್ತಿರದಲ್ಲೇ ಇತ್ತು. ಮುಖ್ಯಸ್ಥರೇ ಬೆರಳಿಟ್ಟು ತೋರಿಸಿ, "ಇಗೋ, ಬಂದೇಬಿಟ್ಟರು, ಹುಡುಕುವ ಹಡಗನ್ನೂ ಅಲ್ಲಿಗೇ ಕಳಿಸಿದ್ದೇವೆ" ಎಂದು ಧೈರ್ಯ ಹೇಳಿದ್ದರಂತೆ. ಅದು ಬೆಳಿಗ್ಗೆ ದೋಣಿ ಹೊರಡುವಾಗಿನ ಜಾಗ. ಚುಕ್ಕೆ ಅಲ್ಲಾಡುತ್ತಿಲ್ಲ ಎಂಬುದನ್ನು ಆ ಗಲಾಟೆಯಲ್ಲಿ ಯಾರೂ ಗಮನಿಸಿರಲಿಲ್ಲ.

"ಸರ್, ಇದನ್ನ ಬಂದ್ ಮಾಡಬೇಕು" ಎಂದರು ಅಕ್ಕ.

"ಹುಚ್ಚೇ ನಿಮಗೆ? ಹೊರಗೆ ಜನ ಇದ್ದಾರೆ. ಇದೂ ಹೋದರೆ ನಮ್ಮನ್ನು ಸುಟ್ಟುಹಾಕ್ತಾರೆ."

ಪ್ಲಗ್ ಕಿತ್ತುಬಿಡುವ ಎಂದು ನಾನು ಗೋಡೆಯ ಹತ್ತಿರ ನುಗ್ಗಿದೆ. "ಕೀಳಬ್ಯಾಡ ತಮ್ಮಾ! ಹಂಗ ಕಿತ್ತರ ಸೀಟು ಬಿಡೂದಿಲ್ಲ, ಹೆಣದಂಗ ಕುಂತ ಇರ್ತೈತಿ. ಒಳಗಿಂದ ನಿಲ್ಲಸಬೇಕು" ಎಂದು ಅಕ್ಕ ತಡೆದು, ಟಿವಿಯ ಕೆಳಗಿದ್ದ ಕಂಪ್ಯೂಟರಿನ ಮೌಸಿನ ಮೇಲೆ ಕೈಯಿಟ್ಟರು.

ಚೇಚಿ ಬಂದು ಆ ಕೈ ಹಿಡಿದುಕೊಂಡರು. "ಓಫ್ ಆಕ್ಕಲ್ಲೇ ಅಕ್ಕಾ" ಎಂದರು. ಆರಿಸಬೇಡಿ. ಜಪಸರ ಸುತ್ತಿದ ಎರಡೂ ಕೈಗಳಿಂದ ಬಲವಾಗಿ ಹಿಡಿದಿದ್ದರು. ಕಣ್ಣು ಮಾತ್ರ ಚುಕ್ಕೆಯ ಮೇಲೇ ಇತ್ತು.

ಅಕ್ಕ ಆ ಕೈ ಕೊಡವಲಿಲ್ಲ. ಗದರಿಸಿ ಗೊತ್ತಿದ್ದ ಹೆಂಗಸು, ಒಂದು ಮಾತು ಗದರಲಿಲ್ಲ. ಸುಮ್ಮನೆ ನಿಂತುಬಿಟ್ಟರು. ಎಷ್ಟು ಹೊತ್ತೆಂದು ನನಗೆ ಹೇಳಲು ಬರುವುದಿಲ್ಲ, ನನಗಂತೂ ಅದು ಮುಗಿಯಲೇ ಇಲ್ಲ. ಕೊನೆಗೆ, "ಅದು ಸುಳ್ಳೈತವಾ. ಅಲ್ಲಿ ಯಾರೂ ಇಲ್ಲ" ಎಂದರು. ಚೇಚಿ ನನ್ನ ಮುಖ ನೋಡಿದರು. ಬಾಯಿ ಅಂತ ನನ್ನನ್ನು ಇಟ್ಟುಕೊಂಡಿದ್ದರಲ್ಲ, ಹೇಳಲೇಬೇಕಾಯಿತು. ಅದು ಹಳೆಯದು ಚೇಚಿ, ಬೆಳಗಿನದು, ಎಂದು ಮಲಯಾಳದಲ್ಲಿ ಹೇಳಿದೆ. ಆದರೂ ಚೇಚಿ ಕೈ ಬಿಡಲಿಲ್ಲ. ಅಕ್ಕ ಎಡಗೈ ಚಾಚಿ ಕೀಲಿಮಣೆ ಒತ್ತಿ ಟಿವಿಯ ನಕ್ಷೆಯನ್ನು ನಿಲ್ಲಿಸಿದರು.

ಕೋಣೆ ತುಂಬ ಬೊಬ್ಬೆ. ಮುಖ್ಯಸ್ಥರು ಏನೇನೋ ಕೂಗಿದರು. ಅಕ್ಕ ಅಲ್ಲೇ ಕೂತು ಒಳಗೆ ಹೊಕ್ಕರು. "ಇಳೀರಿ, ಇಳೀರಿ, ಇಳೀರಿ" ಎನ್ನುತ್ತ ಒಂದೊಂದೇ ಸೀಟನ್ನು ಖಾಲಿ ಮಾಡಿದರು. ಅಳುತ್ತಲೇ ಮಾಡಿದರು. ಬಾಗಿಲಲ್ಲಿ ನಿಂತ ಸುದ್ದಿಗಳು ಒಳಗೆ ಬಂದವು. ನಕ್ಷೆಯನ್ನು ಮತ್ತೆ ತೆರೆದಾಗ ಚುಕ್ಕೆಗಳೆಲ್ಲ ದಿಕ್ಕಾಪಾಲಾಗಿ ಚೆದುರಿದ್ದವು. ಫಿಲೋಮಿನಾ ಚೇಚಿಯ ಗಂಡನ ದೋಣಿ ಬಂದರಿನ ಬಾಯಿಯಲ್ಲಿ ಇರಲಿಲ್ಲ. ನೈರುತ್ಯಕ್ಕೆ, ಎಲ್ಲೋ ನಡುಗಡಲಲ್ಲಿತ್ತು.

ಹಡಗನ್ನು ಅತ್ತ ತಿರುಗಿಸಿದರು. ದೋಣಿ ಮಗುಚಿತ್ತು. ಅದರ ಬೆನ್ನು ಹಿಡಿದು ತೇಲುತ್ತಿದ್ದ ಇಬ್ಬರು ಸಿಕ್ಕಿದರು. ಚೇಚಿಯ ಗಂಡ ಕೈಸೋತು ಬಿಟ್ಟಿದ್ದರು. ಯಾವಾಗ ಬಿಟ್ಟರೆಂದು ಆ ಇಬ್ಬರಿಗೂ ಹೇಳಲಾಗಲಿಲ್ಲ. ಸ್ವಲ್ಪ ಮುಂಚೆ ಎಂದರು ಒಬ್ಬರು. ಬಹಳ ಮುಂಚೆ ಎಂದರು ಇನ್ನೊಬ್ಬರು. ಹೆಣವೂ ಸಿಗಲಿಲ್ಲ.

ಸರ್ವರ್ ಸ್ವಲ್ಪ ಹೊತ್ತು ನಿಧಾನವಾಗಿತ್ತು ಎಂದು ನಮ್ಮ ಮುಖ್ಯಸ್ಥರು ಮೇಲಿನವರಿಗೆ ಹೇಳಿ ಕೈತೊಳೆದುಕೊಂಡರು. ನಮಗೂ ಅಷ್ಟೇ ಹೇಳಬೇಕೆಂದು ತಾಕೀತಾಯಿತು. ಗಾಳಿ ನಿಂತ ಮೇಲೆ ಅಕ್ಕ ನನ್ನನ್ನು ಎಬ್ಬಿಸಿಕೊಂಡು ತುಂಬಕ್ಕೆ ಹೋದರು. ಚೇಚಿಯ ಮನೆಯ ಅಂಗಳ ತುಂಬ ಹೆಂಗಸರಿದ್ದರು. ಎಲ್ಲರ ಎದುರಿಗೆ ಅಕ್ಕ ಇದ್ದದ್ದು ಇದ್ದ ಹಾಗೆ ಹೇಳಿದರು. ಚುಕ್ಕೆ ಬೆಳಗಿನದು, ಟಿವಿಗೆ ಆ ಸೀಟು ಕೊಟ್ಟದ್ದು ತಾನು, ಅದರಿಂದ ತನಗೆ ಒಳಗೆ ಹೋಗಲಾಗಲಿಲ್ಲ, ಹಡಗು ಬೇರೆ ಕಡೆ ಹುಡುಕುತ್ತ ಕೂತಿತು. ನಾನು ಒಂದೊಂದೇ ವಾಕ್ಯವನ್ನು ಮಲಯಾಳಕ್ಕೆ ಹೇಳುತ್ತ ಹೋದೆ. ಒಂದೆಡೆ ಮೆತ್ತಗೆ ಮಾಡಲು ನೋಡಿದರೆ, "ಹಂಗಲ್ಲ, ನಾ ಹೇಳಿದಂಗ ಹೇಳು" ಎಂದು ಗದರಿದರು. ಚೇಚಿ ಎಲ್ಲ ಕೇಳಿಸಿಕೊಂಡು ಎದ್ದು ಒಳಗೆ ಹೋದರು. ಮತ್ತೆ ಹೊರಗೆ ಬರಲಿಲ್ಲ, ಕ್ಯಾಂಟೀನಿಗೂ ಬರಲಿಲ್ಲ.

ಅಕ್ಕ ಕೊಚ್ಚಿಗೆ ವರ್ಗ ಕೇಳಿ ಪಡೆದರು. ಐಲ್ಯಾಂಡಿನಲ್ಲಿ ಆ ಸರ್ವರಿನ ಪಕ್ಕದ ಕೋಣೆಯಲ್ಲೇ ಕೂತು, ನಿವೃತ್ತಿಯ ದಿನದವರೆಗೆ ಅದನ್ನು ಕಾದರು. ಯಾವ ಟಿವಿಗೂ ಆ ಸೀಟು ಮತ್ತೆ ಸಿಗಲಿಲ್ಲ. ಯಾರಾದರೂ ಸಾಹೇಬರು ಕೇಳಿದರೆ ಅಕ್ಕ ಅವರನ್ನು ಕಣ್ಣೆತ್ತಿ ನೋಡುತ್ತಿದ್ದರು, ಅಷ್ಟೇ. ಸರ್ವರಿನ ಜೊತೆ ಮಾತಾಡುವುದನ್ನು ಮಾತ್ರ ಬಿಟ್ಟಿದ್ದರು ಎಂದು ಅಲ್ಲಿಯವರು ಹೇಳಿದರು.

ನಿವೃತ್ತಿಯಾದ ಮೇಲೆ ಅಕ್ಕನಿಗೆ ಕಾಯಿಲೆ ಹಿಡಿಯಿತು. ನಾನು ಕೊಚ್ಚಿಯ ಆಸ್ಪತ್ರೆಗೆ ಹೋದಾಗ ಮಗಳು ಬಾಗಿಲಲ್ಲೇ ಹಿಡಿದು ನಿಲ್ಲಿಸಿ, ಮಲಯಾಳದಲ್ಲಿ, "ಅಮ್ಮನಿಗೆ ನಿದ್ದೆಯೇ ಇಲ್ಲ ಅಂಕಲ್, ಮಾತ್ರೆ ಕೊಟ್ಟರೂ ಇಲ್ಲ" ಎಂದಳು. ಅಕ್ಕ ಹಾಸಿಗೆಗೆ ಅಂಟಿಹೋಗಿದ್ದರು. ನಾನು ಕೂತೊಡನೆ ಕೇಳಿದ್ದು ಒಂದೇ. "ಲೇ ತಮ್ಮಾ, ನಾ ಕೈ ಹಿಡಿಸಿಕೊಂಡು ನಿಂತಿದ್ನೆಲ್ಲ, ಆವಾಗ ಕೊಡವಿ ಬಂದ್ ಮಾಡಿದ್ರ ಅಂವ ಸಿಗತಿದ್ನೇನು?"

"ಇಲ್ಲ ಅಕ್ಕಾ. ನಿಮ್ಮ ತಪ್ಪು ಎಂತ ಇದೆ ಅದರಲ್ಲಿ? ಬಿಡಿ ಅದೆಲ್ಲ."

"ನಿನಗೇನ್ ಗೊತ್ತು?" ಎಂದು ಸಿಡುಕಿದರು. "ಮಗಳೂ ಅದನ್ನ ಹೇಳ್ತಾಳ, ಡಾಕ್ಟರೂ ಹೇಳ್ತಾನ. ಗೊತ್ತಿಲ್ಲದಾವರೆಲ್ಲ ಸಮಾಧಾನ ಹೇಳಾವ್ರ." ಆಮೇಲೆ ಗೋಡೆ ಕಡೆ ಮುಖ ತಿರುಗಿಸಿ, "ಫಿಲೋಮಿನವ್ವನ್ನ ಕರಕೊಂಡು ಬಾ" ಎಂದರು.

ನನಗೆ ಮನಸ್ಸಿರಲಿಲ್ಲ. ಸಾಯುವ ಹೆಂಗಸಿಗೆ ಚೇಚಿ ಏನಾದರೂ ಅಂದುಬಿಟ್ಟರೆ? ಆದರೂ ತುಂಬಕ್ಕೆ ಹೋದೆ. ಚೇಚಿ ಮೀನಿನ ಬುಟ್ಟಿ ತೊಳೆಯುತ್ತಿದ್ದರು, ನನ್ನ ಮಾತು ಮುಗಿಯುವ ಮೊದಲೇ ಕೈ ಒರೆಸಿಕೊಂಡು ಸೀರೆ ಬದಲಾಯಿಸಲು ಒಳಗೆ ಹೋದರು. ರೈಲು ಹಿಡಿದು ಕೊಚ್ಚಿಯ ಆಸ್ಪತ್ರೆಗೆ ಬಂದೆವು.

ಅಕ್ಕ ಅವರನ್ನು ನೋಡಿದೊಡನೆ ಏಳಲು ಹೋದರು, ಆಗಲಿಲ್ಲ. ನನ್ನ ಸಹಾಯ ಬೇಡವೆಂದು ಕೈಯಾಡಿಸಿ ತಮ್ಮ ಹರಕು ಮಲಯಾಳದಲ್ಲಿ ತಾವೇ ಹೇಳಿದರು. "ಫಿಲೋಮಿನವ್ವಾ, ಞಾನ್ ಲೇಟ್ ಆಯಿ." ನಾನು ತಡ ಮಾಡಿದೆ.

ಈಗ ಇಲ್ಲ ಎನ್ನಬೇಕು, ಹಾಗೇನಿಲ್ಲ ಎನ್ನಬೇಕು. ನಾನೂ ಮಗಳೂ ಚೇಚಿಯ ಬಾಯನ್ನೇ ನೋಡುತ್ತಿದ್ದೆವು.

"ಅತೆ ಅಕ್ಕಾ" ಎಂದರು ಚೇಚಿ. "ವೈಕಿಪ್ಪೋಯಿ." ಹೌದು ಅಕ್ಕಾ, ತಡವಾಗಿಹೋಯಿತು.

ಮಗಳು ಹೌಹಾರಿದಳು. ನನಗೆ ತಲೆಗೆ ಸಿಟ್ಟೇರಿ, ಈ ಹೆಂಗಸನ್ನು ಯಾಕಾದರೂ ಕರೆತಂದೆನೋ ಎನ್ನಿಸಿತು. ಚೇಚಿ ನಮ್ಮ ಕಡೆ ನೋಡಲೂ ಇಲ್ಲ. ಸ್ಟೂಲು ಎಳೆದು ಹಾಸಿಗೆಗೆ ತಾಗಿ ಕೂತರು. "ಞಾನಲ್ಲೇ ಕೈ ಪಿಡಿಚ್ಚದ್" ಎಂದರು. ಕೈ ಹಿಡಿದವಳು ನಾನಲ್ವಾ.

ಅಕ್ಕ ಅವರ ಮುಖ ನೋಡಿದರು. "ಹೌದವಾ" ಎಂದರು ಕನ್ನಡದಲ್ಲೇ. "ಹಿಡದಿದ್ದಿ."

ಚೇಚಿ ತಲೆಯಾಡಿಸಿದರು. ಅದನ್ನು ಅವರಿಗೆ ನಾನು ಹೇಳಿಕೊಡಬೇಕಾಗಲಿಲ್ಲ. ಇಬ್ಬರೂ ಅಳಲಿಲ್ಲ. ಅಕ್ಕ ಕಣ್ಣು ಮುಚ್ಚಿದರು, ಸ್ವಲ್ಪ ಹೊತ್ತಿನಲ್ಲಿ ಬಾಯಿ ತೆರೆದುಕೊಂಡು ಸಣ್ಣಗೆ ಗೊರಕೆ ಹೊಡೆಯತೊಡಗಿದರು. ನಾನೂ ಮಗಳೂ ಕೆಳಗೆ ಹೋಗಿ ಊಟ ಮುಗಿಸಿ ಬಂದೆವು. ಅಕ್ಕ ಇನ್ನೂ ಎದ್ದಿರಲಿಲ್ಲ, ಚೇಚಿಯೂ ಕೂತಲ್ಲಿಂದ ಕದಲಿರಲಿಲ್ಲ.